ಹಳದಿ ದೀಪ ಹತ್ತುವ ಮುಂಚೆ: ವೆಲ್ಡಿಂಗ್ ಮೆಷಿನ್‌ನ ಡ್ಯೂಟಿ ಸೈಕಲ್ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನ ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಕಡೆ ವೆಲ್ಡಿಂಗ್ ಮೆಷಿನ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಆಂಪ್ಸ್? ಎಷ್ಟು ರೂಪಾಯಿ? ಇನ್ನೊಂದು ಪ್ರಶ್ನೆ ಇದೆ: ನಿಲ್ಲಿಸದೆ ಓಡಿಸಿದರೆ ಎಷ್ಟು ಆಂಪ್ಸ್ ಕೊಡುತ್ತೆ? ಇದನ್ನು ಕೇಳಿದರೆ ಅಂಗಡಿಯವರೂ ಒಮ್ಮೊಮ್ಮೆ ಮೆಷಿನ್ ತಿರುಗಿಸಿ ಹಿಂಬದಿ ನೋಡುತ್ತಾರೆ.

ಮುಂದೆ ದಪ್ಪಕ್ಷರದಲ್ಲಿ 200 ಎಂದು ಬರೆದಿರುವ ಮೆಷಿನ್ 200 ಆಂಪ್ಸ್ ಕೊಡುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಒಳಗಿನ ಬಿಸಿ ಮಿತಿ ದಾಟಿ, ಹಳದಿ ದೀಪ ಹತ್ತಿ, ರಾಡ್ ಮುಟ್ಟಿಸಿದರೂ ಕಿಡಿ ಬರುವುದಿಲ್ಲ. ಗೇಟ್ ಅರ್ಧ ನಿಂತಿರುತ್ತದೆ, ಮನೆ ಮಾಲೀಕರು ಕಾಯುತ್ತಿರುತ್ತಾರೆ. ‘ಮೆಷಿನ್ ಸರಿ ಇಲ್ಲ’ ಅಂತ ಬೈಯುವ ಮುಂಚೆ ಡ್ಯೂಟಿ ಸೈಕಲ್, ಅಂದರೆ ಒಟ್ಟು ಹೊತ್ತಿನಲ್ಲಿ ಮೆಷಿನ್ ಎಷ್ಟು ಪಾಲು ಉರಿಯಬಹುದು ಅನ್ನುವ ಲೆಕ್ಕ ಒಮ್ಮೆ ನೋಡಿ. ಕಾಗದ, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಹಿಂಬದಿಯ ಪ್ಲೇಟ್ ಓದಿ

ಮೆಷಿನ್‌ನ ಹಿಂದೆ ಅಥವಾ ಪಕ್ಕದಲ್ಲಿ ಒಂದು ಪ್ಲೇಟ್ ಅಂಟಿಸಿರುತ್ತಾರೆ. ತುಂಬ ಚೌಕಗಳು, ಚಿಕ್ಕ ಅಕ್ಷರಗಳು. ಗ್ರೈಂಡಿಂಗ್ ದೂಳು ಕೂತಿದ್ದರೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಅದರಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಇರುವ ಸಾಲನ್ನು ಹುಡುಕಿ. ಎಕ್ಸ್ ಅಂದರೆ ಡ್ಯೂಟಿ ಸೈಕಲ್. ಆ ಸಾಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ, ಉದಾಹರಣೆಗೆ ಶೇ 30, ಶೇ 60, ಶೇ 100. ಅದರ ಕೆಳಗೆ ಐ2 ಎಂಬ ಸಾಲು. ಅದು ಹೊರಗೆ ಬರುವ ಕರೆಂಟು: 200, 141, 110 ಆಂಪ್ಸ್. ಅದರ ಕೆಳಗೆ ಯು2, ಅಂದರೆ ಆರ್ಕ್ (ರಾಡ್ ತುದಿಯ ಕಿಡಿ) ಉರಿಯುವಾಗಿನ ವೋಲ್ಟೇಜ್: 28, 25.6, 24.4.

ಮೇಲಿಂದ ಕೆಳಕ್ಕೆ ಓದಿದರೆ ವಿಷಯ ಗೊತ್ತಾಗುತ್ತದೆ. ಈ ಮೆಷಿನ್ 200 ಆಂಪ್ಸ್‌ನಲ್ಲಿ ಶೇ 30 ಹೊತ್ತು ಓಡುತ್ತದೆ, 110ರಲ್ಲಿ ನಿಲ್ಲದೆ ಓಡುತ್ತದೆ. ನನ್ನ ಪ್ರಕಾರ ಮೆಷಿನ್‌ನ ನಿಜವಾದ ತಾಕತ್ತು ಶೇ 100ರ ಕೆಳಗಿರುವ ಅಂಕಿ. ಎರಡು ಮೆಷಿನ್ ಹೋಲಿಸುವಾಗ ನಾನು ನೋಡುವುದು ಅದೊಂದನ್ನೇ.

ಅದೇ ಪ್ಲೇಟಿನಲ್ಲಿ ಐ1 ಮ್ಯಾಕ್ಸ್ (I1max), ಐ1 ಎಫ್ (I1eff) ಎಂದೂ ಇರುತ್ತದೆ. ಇವು ಗೋಡೆಯ ಕಡೆಯಿಂದ ಎಳೆಯುವ ಕರೆಂಟು. ಎರಡನೆಯದು ಡ್ಯೂಟಿ ಸೈಕಲ್ ಲೆಕ್ಕ ಹಿಡಿದು ತೆಗೆದ ಅಂಕಿ. ವೈರ್, ಎಂಸಿಬಿ ಯಾವ ಸೈಜ್ ಹಾಕಬೇಕು ಅಂತ ಎಲೆಕ್ಟ್ರಿಷಿಯನ್ ಕೇಳಿದರೆ ಈ ಎರಡನ್ನೂ ತೋರಿಸಿ.

ಹತ್ತು ನಿಮಿಷ, ಅಷ್ಟೇ

ಶೇಕಡಾ ಯಾವುದರ ಶೇಕಡಾ? ಹತ್ತು ನಿಮಿಷದ್ದು. ಐಇಸಿ 60974-1 ಎಂಬ ಅಂತರರಾಷ್ಟ್ರೀಯ ಮಾನದಂಡ ಹಾಗೆ ಹೇಳುತ್ತದೆ. ಶೇ 30 ಅಂದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಆರ್ಕ್ ಉರಿಯಬಹುದು, ಏಳು ನಿಮಿಷ ಮೆಷಿನ್ ಆನ್ ಆಗಿದ್ದು ಫ್ಯಾನ್ ತಿರುಗುತ್ತಿರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಕಡೆ ಇದೆ. ಶೇ 60 ಅಂದರೆ ಗಂಟೆಗೆ 36 ನಿಮಿಷ, ಹಾಗಾಗಿ 36 ನಿಮಿಷ ಒಂದೇ ಸಮ ಹೊಡೆದು 24 ನಿಮಿಷ ಟೀ ಕುಡಿದು ಬಂದರಾಯಿತು ಅಂತ. ಹಾಗಲ್ಲ. ಆ ಹೊತ್ತಿಗೆ ಮೆಷಿನ್ ಎಂದೋ ಟ್ರಿಪ್ ಆಗಿರುತ್ತದೆ. ಆರು ನಿಮಿಷ ಕೆಲಸ, ನಾಲ್ಕು ನಿಮಿಷ ಬಿಡುವು, ಮತ್ತೆ ಆರು, ಮತ್ತೆ ನಾಲ್ಕು. ಬಿಸಿ ಕೂಡಿಕೊಳ್ಳುವುದಕ್ಕೂ ಇಳಿಯುವುದಕ್ಕೂ ಹೀಗೆ ಸಣ್ಣ ಸಣ್ಣ ಸರದಿಯೇ ಬೇಕು.

ನಿಮ್ಮ ಆಂಪ್ಸ್‌ಗೆ ಎಷ್ಟು ಹೊತ್ತು ಬರುತ್ತೆ?

ಪ್ಲೇಟಿನಲ್ಲಿ 200, 141, 110 ಇದೆ. ನೀವು ಓಡಿಸುವುದು 160ರಲ್ಲಿ. ಆಗೇನು? ತಾಮ್ರದ ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಇದನ್ನೇ ಹಿಡಿದು ಲೆಕ್ಕ ಹಾಕಬಹುದು.

ದೊಡ್ಡ ಅಂಕಿಯನ್ನು ಅದರಿಂದಲೇ ಗುಣಿಸಿ, ಶೇಕಡಾದಿಂದ ಇನ್ನೊಮ್ಮೆ ಗುಣಿಸಿ. 200 ಗುಣಿಸು 200 ಗುಣಿಸು 30, ಬಂದದ್ದು 12 ಲಕ್ಷ. ಈ 12 ಲಕ್ಷವನ್ನು ಮೆಷಿನ್ ಮೇಲೇ ಮಾರ್ಕರ್‌ನಲ್ಲಿ ಬರೆದಿಟ್ಟುಕೊಳ್ಳಿ. ಇನ್ನು ಯಾವ ಆಂಪ್ಸ್ ಬೇಕೋ ಅದರ ವರ್ಗದಿಂದ ಭಾಗಿಸಿದರೆ ಆಯಿತು. 160ರ ವರ್ಗ 25,600. ಭಾಗಿಸಿದರೆ ಸುಮಾರು 47. ಅಂದರೆ ಶೇ 47, ಹತ್ತು ನಿಮಿಷದಲ್ಲಿ ನಾಲ್ಕೂಮುಕ್ಕಾಲು ನಿಮಿಷಕ್ಕೆ ತುಸು ಕಮ್ಮಿ.

ಇನ್ವರ್ಟರ್ ಮೆಷಿನ್‌ನಲ್ಲಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಬಗೆಯದರಲ್ಲಿ, ಐಜಿಬಿಟಿ (ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), ಡಯೋಡ್‌ಗಳ ಬಿಸಿ ಪೂರ್ತಿ ಈ ಲೆಕ್ಕದಂತೆ ನಡೆಯುವುದಿಲ್ಲ. ಹಾಗಾಗಿ ಪ್ಲೇಟಿನ ಅಂಕಿಗೂ ನಿಮ್ಮ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಪ್ಲೇಟನ್ನೇ ನಂಬಿ.

ಈಗ ಕೈಕೆಲಸಕ್ಕೆ ಬರೋಣ. ಕಿಟಕಿ ಗ್ರಿಲ್‌ಗೆ 10 ನಂಬರ್ ರಾಡ್, ಅಂದರೆ 3.15 ಎಂಎಂ, 110 ಆಂಪ್ಸ್ ಹತ್ತಿರ ಓಡಿಸುತ್ತೇವೆ. ಮೇಲಿನ ಮೆಷಿನ್‌ಗೆ ಅದು ದಿನವಿಡೀ ಓಡಿಸುವ ಕರೆಂಟು, ಚಿಂತೆಯೇ ಇಲ್ಲ. 2 ಎಂಎಂ ಪೈಪಿನ ಗೇಟಿಗೆ 12 ನಂಬರ್ ರಾಡ್, 70–80 ಆಂಪ್ಸ್. ಅದಕ್ಕಂತೂ ಕೇಳುವುದೇ ಬೇಡ.

ತಾಪತ್ರಯ ಶುರುವಾಗುವುದು ಶೆಡ್ಡಿನ ಕಂಬಕ್ಕೆ ದಪ್ಪ ಬೇಸ್ ಪ್ಲೇಟ್ ಕೂರಿಸುವಾಗ. 8 ನಂಬರ್ ರಾಡ್, 4 ಎಂಎಂ, 160 ಆಂಪ್ಸ್. ಒಂದು ರಾಡ್ ಉರಿಯಲು ಸುಮಾರು 75 ಸೆಕೆಂಡ್ ಅಂದುಕೊಳ್ಳಿ. ಸ್ಲ್ಯಾಗ್ (ಬೆಸುಗೆ ಮೇಲೆ ಕೂರುವ ಸಿಪ್ಪೆ) ತಟ್ಟಿ, ಬ್ರಷ್ ಹಾಕಿ, ಹೊಸ ರಾಡ್ ಸಿಕ್ಕಿಸುವುದಕ್ಕೆ ಇನ್ನೊಂದು 60 ಸೆಕೆಂಡ್. 135ರಲ್ಲಿ 75, ಅಂದರೆ ಸುಮಾರು ಶೇ 56. ಮೆಷಿನ್ ತಡೆಯುವುದು ಶೇ 47. ಕೈ ಚುರುಕಾಗಿದ್ದಷ್ಟೂ ಬೇಗ ಟ್ರಿಪ್! ಇದೇ ಕೆಲಸವನ್ನು 145ಕ್ಕೆ ಇಳಿಸಿ ನೋಡಿ. 12 ಲಕ್ಷವನ್ನು 21,025ರಿಂದ ಭಾಗಿಸಿದರೆ ಶೇ 57 ಬರುತ್ತದೆ. 4 ಎಂಎಂ ರಾಡ್‌ಗೆ 145 ತೀರಾ ಕಮ್ಮಿಯೇನೂ ಅಲ್ಲ, ಆದರೆ ಪ್ಲೇಟ್ ತುಂಬ ದಪ್ಪ ಇದ್ದರೆ ಬೆಸುಗೆ ಒಳಗೆ ಇಳಿಯುತ್ತಿದೆಯಾ ಅಂತ ಗಮನಿಸಿ. ಇಳಿಯದಿದ್ದರೆ ಕರೆಂಟು ಕಮ್ಮಿ ಮಾಡುವ ದಾರಿ ಬಿಡಿ. ರಾಡ್ ರಾಡಿನ ನಡುವೆ ಅರ್ಧ ನಿಮಿಷ ಜಾಸ್ತಿ ಕೊಡಿ.

ಇನ್ನೊಂದು, ಸೈಟುಗಳಲ್ಲಿ ಕಾಣುವ ಅಭ್ಯಾಸ. ಒಂದೇ ಮೆಷಿನ್, ಇಬ್ಬರು ವೆಲ್ಡರ್. ಒಬ್ಬರು ಸ್ಲ್ಯಾಗ್ ತಟ್ಟುವಾಗ ಇನ್ನೊಬ್ಬರು ಹೋಲ್ಡರ್ ಹಿಡಿಯುತ್ತಾರೆ. ಕೆಲಸ ಬೇಗ ಮುಗಿಯುತ್ತೆ ಅನ್ನುವುದು ಲೆಕ್ಕ. ಇಬ್ಬರಿಗೂ ಬಿಡುವು ಸಿಗುತ್ತೆ, ಮೆಷಿನ್‌ಗೆ ಮಾತ್ರ ಸಿಗಲ್ಲ. ಹೀಗೆ ಮಾಡಲೇಬೇಕು ಅಂದರೆ ಶೇ 100ರ ಅಂಕಿ ದಾಟದಂತೆ ಕರೆಂಟು ಇಡಿ. ಮಿಗ್ ವೆಲ್ಡಿಂಗ್‌ನಲ್ಲೂ ಇದೇ ಕತೆ. ವೈರ್ ತಾನಾಗಿ ಬರುತ್ತಿರುವುದರಿಂದ ರಾಡ್ ಬದಲಿಸುವ ಬಿಡುವೇ ಇರುವುದಿಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇಡೀ ಪಾಳಿ ಮಿಗ್ ಓಡಿಸುವವರು, ತಾವು ಓಡಿಸುವ ಆಂಪ್ಸ್‌ನಲ್ಲಿ ಶೇ 60ಕ್ಕಿಂತ ಕಮ್ಮಿಯ ಮೆಷಿನ್ ಹತ್ತಿರ ಹೋಗದಿರುವುದೇ ವಾಸಿ.

ಪ್ಲೇಟೇ ಸುಳ್ಳು ಹೇಳಿದರೆ?

ಅಗ್ಗದ ಮೆಷಿನ್‌ಗಳಲ್ಲಿ ಹಾಗೂ ಆಗುತ್ತದೆ. ಹಿಡಿಯುವುದು ಸುಲಭ. ರಾಡ್ ವೆಲ್ಡಿಂಗ್‌ನಲ್ಲಿ 200 ಆಂಪ್ಸ್‌ಗೆ 28 ವೋಲ್ಟ್ ಬೇಕು. ಗುಣಿಸಿದರೆ 5,600 ವ್ಯಾಟ್. ಮೆಷಿನ್ ಒಳಗೆ ಸ್ವಲ್ಪ ನಷ್ಟ ಸೇರಿಸಿದರೆ ಗೋಡೆಯಿಂದ 6,500 ವ್ಯಾಟ್ ಆಸುಪಾಸು ಎಳೆಯಲೇಬೇಕು. 230 ವೋಲ್ಟ್‌ನಲ್ಲಿ ಅದು ಕಮ್ಮಿ ಅಂದರೂ 28 ಆಂಪ್ಸ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಮ್ಮಿ ಇದ್ದರೆ ಇನ್ನೂ ಜಾಸ್ತಿ. ‘ಸಾರ್, 200 ಆಂಪ್ಸ್ ಬರುತ್ತೆ, ಮನೆಯ 16 ಆಂಪ್ಸ್ ಪ್ಲಗ್ಗಲ್ಲೇ ಓಡುತ್ತೆ’ ಅಂದರೆ ಎರಡರಲ್ಲಿ ಒಂದು ಸುಳ್ಳು. ಅನುಮಾನ ಇದ್ದರೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿ. ಬರೀ ಎಸಿ ಅಳೆಯುವ ಮೀಟರ್ ಇನ್ವರ್ಟರ್‌ನ ಹೊರಗಿನ ಕರೆಂಟನ್ನು ತೋರಿಸುವುದಿಲ್ಲ.

ಶೀಟಿನ ಕೆಳಗೆ ಏಪ್ರಿಲ್

ಮಾನದಂಡದ ಪ್ರಕಾರ ಪ್ಲೇಟಿನ ಅಂಕಿಗಳು 40 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟವು. ಕೆಲವು ಕಂಪನಿಗಳು 20 ಅಥವಾ 25 ಡಿಗ್ರಿ ಎಂದು ಸಣ್ಣಕ್ಷರದಲ್ಲಿ ಬರೆದು ಶೇಕಡಾ ಏರಿಸಿ ತೋರಿಸುತ್ತವೆ, ಹುಷಾರು. ಬೆಂಗಳೂರು ತಂಪು ಊರು ಅನ್ನುವ ಧೈರ್ಯ ಬೇಡ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಅದೂ ಹೊರಗಿನ ನೆರಳಿನ ಲೆಕ್ಕ. ಕಾಮಾಕ್ಷಿಪಾಳ್ಯದ ಯಾವುದೋ ಶೆಡ್ಡಿನಲ್ಲಿ, ಕಾದ ಶೀಟಿನ ಕೆಳಗೆ, ಮಧ್ಯಾಹ್ನ ಎಷ್ಟಿರಬೇಡ? ಒಂದು ಸಮಾಧಾನ ಇದೆ. ಗಾಳಿ ತೆಳುವಾದಷ್ಟೂ ಫ್ಯಾನ್ ತಂಪು ಮಾಡುವುದು ಕಮ್ಮಿ, ಹಾಗಾಗಿ ಆ ಮಾನದಂಡ ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದವರೆಗೆ ಮಾತ್ರ ಅನ್ವಯ. ನಮ್ಮ ಊರು ಸುಮಾರು 900 ಮೀಟರ್. ಸ್ವಲ್ಪದರಲ್ಲಿ ಬಚಾವ್.

ಮೆಷಿನ್ ಇಡುವಾಗ ಗೋಡೆಯಿಂದ ಒಂದಡಿ ಆದರೂ ದೂರ ಇಡಿ. ಬಿಸಿಲಿಗೆ ಇಡಬೇಡಿ. ಮೇಲೆ ಗೋಣಿಚೀಲ ಹೊದಿಸಿ ಓಡಿಸುವವರಿದ್ದಾರೆ, ದಯವಿಟ್ಟು ಬೇಡ. ಎಕ್ಸ್‌ಟೆನ್ಷನ್ ವೈರ್ ತೆಳ್ಳಗಿದ್ದರೆ ವೋಲ್ಟೇಜ್ ಬೀಳುತ್ತದೆ. ಅದನ್ನು ಸರಿದೂಗಿಸಲು ಇನ್ವರ್ಟರ್ ಇನ್ನಷ್ಟು ಕರೆಂಟು ಎಳೆದು ಒಳಗೆ ಇನ್ನಷ್ಟು ಬಿಸಿಯಾಗುತ್ತದೆ. ಸಣ್ಣ ಮೆಷಿನ್‌ಗೂ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇರಲಿ, ಸುತ್ತಿದ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ.

ದೀಪ ಹತ್ತಿತು, ಈಗೇನು?

ಸ್ವಿಚ್ ಆಫ್ ಮಾಡಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಆಫ್ ಮಾಡಿದರೆ ಫ್ಯಾನ್ ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಉಳಿಯುತ್ತದೆ. ರಾಡನ್ನು ಹೋಲ್ಡರ್‌ನಿಂದ ತೆಗೆದು ಪಕ್ಕಕ್ಕಿಟ್ಟು ಫ್ಯಾನ್ ತಿರುಗಲು ಬಿಡಿ. ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಹಲ್ಲುಹಲ್ಲಿನ ಲೋಹ) ಅಥವಾ ವೈಂಡಿಂಗ್‌ಗೆ (ತಾಮ್ರದ ಸುರುಳಿ) ಅಂಟಿಸಿರುವ ಥರ್ಮೋಸ್ಟಾಟ್ ಎಂಬ ಸಣ್ಣ ಬಿಲ್ಲೆ ತಣ್ಣಗಾದ ಮೇಲೆ ತಾನೇ ಕೂಡಿಕೊಂಡು ದೀಪ ಆರುತ್ತದೆ. ಆರಿದ ತಕ್ಷಣ ಮತ್ತೆ ಶುರು ಹಚ್ಚಿಕೊಂಡರೆ ಎರಡೇ ರಾಡಿಗೆ ಮತ್ತೆ ಟ್ರಿಪ್ ಆಗುತ್ತದೆ. ಇನ್ನೂ ಐದು ನಿಮಿಷ ಬಿಡಿ, ಆಂಪ್ಸ್ ಸ್ವಲ್ಪ ಇಳಿಸಿ.

ಕಮ್ಮಿ ಆಂಪ್ಸ್‌ನಲ್ಲೂ ದೀಪ ಹತ್ತುತ್ತಿದ್ದರೆ ಡ್ಯೂಟಿ ಸೈಕಲ್ ಬಿಟ್ಟು ಬೇರೆ ಕಡೆ ಹುಡುಕಬೇಕು. ಫ್ಯಾನ್ ತಿರುಗುತ್ತಿದೆಯಾ? ಗಾಳಿ ಹೊರಗೆ ಬರುತ್ತಿದೆಯಾ? ಕೆಲವು ಮೆಷಿನ್‌ಗಳಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಆದರೂ ಅದೇ ದೀಪ ಹತ್ತುತ್ತದೆ, ಅದನ್ನೂ ನೋಡಿ.

ಪದೇ ಪದೇ ಟ್ರಿಪ್ ಆಗುವ ಮೆಷಿನ್ ರಿಪೇರಿಗೆ ಹೋದಾಗ ಕೆಲವು ಮೆಕ್ಯಾನಿಕ್‌ಗಳು ಥರ್ಮೋಸ್ಟಾಟ್‌ನ ಎರಡು ವೈರ್ ಕಿತ್ತು ಶಾರ್ಟ್ ಮಾಡಿ ಕೊಡುತ್ತಾರೆ. ‘ಇನ್ನು ಟ್ರಿಪ್ ಆಗಲ್ಲಣ್ಣ, ತಗೊಂಡ್ ಹೋಗಿ.’ ನಿಜ, ಟ್ರಿಪ್ ಆಗುವುದಿಲ್ಲ. ಐಜಿಬಿಟಿ ಸುಡುತ್ತದೆ, ಒಮ್ಮೊಮ್ಮೆ ಬೋರ್ಡನ್ನೂ ಎಳೆದುಕೊಂಡು ಹೋಗುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಆದರೆ ವೈಂಡಿಂಗ್‌ನ ಇನ್ಸುಲೇಷನ್ ಒಳಗೊಳಗೇ ಸುಟ್ಟು ಕಪ್ಪಾಗುತ್ತದೆ. ಬಿಸಿ ಪ್ರತಿ 10 ಡಿಗ್ರಿ ಮಿತಿ ಮೀರಿದಾಗಲೂ ಇನ್ಸುಲೇಷನ್‌ನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಿಕಲ್ ಕೆಲಸದವರ ಹಳೆಯ ಅಂದಾಜು.

ದೂಳು ತೆಗೆಯಿರಿ

ಗ್ರೈಂಡರ್ ಪಕ್ಕದಲ್ಲೇ ಮೆಷಿನ್ ಇಟ್ಟರೆ ಫ್ಯಾನ್ ಕಬ್ಬಿಣದ ಪುಡಿಯನ್ನೇ ಒಳಗೆ ಎಳೆಯುತ್ತದೆ. ಮುಚ್ಚಳ ತೆಗೆದು ನೋಡಿದರೆ ಹೀಟ್‌ಸಿಂಕ್‌ನ ಹಲ್ಲುಗಳ ಸಂದಿಯಲ್ಲಿ ಕಪ್ಪು ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ಹೋಗಲು ಜಾಗವೇ ಇಲ್ಲ. ಇದು ಕರೆಂಟು ಹಾಯಿಸುವ ದೂಳು, ಬೋರ್ಡಿನ ಮೇಲೆ ಕೂತರೆ ಶಾರ್ಟ್.

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದ ಮೇಲೇ ಮುಚ್ಚಳ ಬಿಚ್ಚಿ, ಬೋರ್ಡಿಗೆ ಬೆರಳು ತಾಗಿಸಬೇಡಿ. ಕಂಪ್ರೆಸರ್‌ನ ಒಣ ಗಾಳಿಯನ್ನು ಕಮ್ಮಿ ಪ್ರೆಷರ್‌ನಲ್ಲಿ ಬಿಡಿ. ಟ್ಯಾಂಕಿನ ನೀರು ಮೊದಲೇ ಡ್ರೈನ್ ಮಾಡಿಕೊಳ್ಳಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಒಂದು ಮರದ ಕಡ್ಡಿಯಿಂದ ತಡೆದು ಹಿಡಿಯಿರಿ, ಇಲ್ಲದಿದ್ದರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹೋಗುತ್ತದೆ. ದಿನಾ ಗ್ರೈಂಡಿಂಗ್ ಇರುವ ಶೆಡ್‌ಗೆ ತಿಂಗಳಿಗೊಮ್ಮೆ ಇದು ಬೇಕು. ಸುಮ್ನೆ ಮನೆಯಲ್ಲಿ ಆಗಾಗ ಟ್ಯಾಕ್ (ಚುಕ್ಕಿ ಬೆಸುಗೆ) ಹೊಡೆಯುವವರಿಗೆ ವರ್ಷಕ್ಕೆರಡು ಸಲ ಸಾಕು.

ಡ್ಯೂಟಿ ಸೈಕಲ್ ಮೆಷಿನ್‌ಗೆ ಮಾತ್ರ ಇರುವುದಲ್ಲ, ಟಿಗ್ ಮತ್ತು ಮಿಗ್ ಟಾರ್ಚ್‌ಗೂ ಬೇರೆಯಾಗಿ ಬರೆದಿರುತ್ತಾರೆ. ಮಿಗ್ ಟಾರ್ಚ್‌ನಲ್ಲಿ ಸಿಒ2 ಗ್ಯಾಸ್‌ಗೆ ಕೊಟ್ಟ ಆಂಪ್ಸ್ ಜಾಸ್ತಿ, ಆರ್ಗಾನ್ ಮಿಕ್ಸ್‌ಗೆ ಕಮ್ಮಿ. ಮಿಕ್ಸ್ ಸಿಲಿಂಡರ್‌ಗೆ ಬದಲಾಯಿಸಿದವರು ಟಾರ್ಚ್ ಹಿಡಿ ಕೈ ಸುಡುತ್ತೆ ಅಂದರೆ ಕಾರಣ ಇದೇ. ಕೇಬಲ್ ಲಗ್ (ಕೇಬಲ್ ತುದಿಯ ಲೋಹದ ಬಳೆ), ಅರ್ಥ್ ಕ್ಲಾಂಪ್ ಸಡಿಲ ಇದ್ದರೂ ಆ ಜಾಗ ಕಾಯುತ್ತದೆ. ಕೆಲಸ ನಿಲ್ಲಿಸಿ, ಮೆಷಿನ್ ಆಫ್ ಮಾಡಿ, ಕೇಬಲ್ ಉದ್ದಕ್ಕೂ ಕೈಯಾಡಿಸಿ. ಒಂದೇ ಕಡೆ ಬಿಸಿ ಹತ್ತಿದರೆ ಅಲ್ಲಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.