ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು ಲಿನಕ್ಸ್ ಎರಡೂ ಇದೆಯೇ? ಸಂಜೆ 6ಕ್ಕೆ ಉಬುಂಟು ಮುಚ್ಚಿ ವಿಂಡೋಸ್ ತೆರೆದರೆ ಮಧ್ಯಾಹ್ನ 12:30 ತೋರಿಸುತ್ತದೆಯೇ? ಯಂತ್ರ ಕೆಟ್ಟಿಲ್ಲ. ಮದರ್‌ಬೋರ್ಡ್‌ನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದ ಸಮಯ ಯುಟಿಸಿಗಿಂತ 5:30 ಗಂಟೆ ಮುಂದಿರುವುದರಿಂದ ವ್ಯತ್ಯಾಸವೂ ಅಷ್ಟೇ. ಗಡಿಯಾರ 2 ಗಂಟೆ ತಪ್ಪಿದ್ದರೆ, ಅಥವಾ ಪ್ಲಗ್ ತೆಗೆದಿಟ್ಟಾಗಲೆಲ್ಲ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಕಾರಣ ಬೇರೆ: ಮೊದಲು ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ಗುಂಡಿ ಬ್ಯಾಟರಿ ಬದಲಿಸಿ.

ವಿಂಡೋಸನ್ನು ಯುಟಿಸಿಗೆ ಒಗ್ಗಿಸುವುದೇ ಒಳ್ಳೆಯ ದಾರಿ. ಅಡ್ಮಿನ್ ಖಾತೆಯಿಂದ ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ತಿದ್ದುವ ಸಾಧನ) ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಶನ್ ಹೀಗೆ ಒಂದೊಂದಾಗಿ ಒಳಗೆ ಹೋಗಿ. ಬಲಬದಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಹೊಸ ಡಿವರ್ಡ್ (32-ಬಿಟ್) ಸೃಷ್ಟಿಸಿ. ಹೆಸರು ರಿಯಲ್ ಟೈಮ್ ಈಸ್ ಯೂನಿವರ್ಸಲ್. ನಾಲ್ಕೂ ಪದಗಳನ್ನು ಇಂಗ್ಲಿಷಿನಲ್ಲಿ ಸ್ಪೇಸ್ ಇಲ್ಲದೆ ಬರೆಯಿರಿ. ಒಂದಕ್ಷರ ತಪ್ಪಿದರೂ ವಿಂಡೋಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಮೌಲ್ಯ (ವ್ಯಾಲ್ಯೂ) 1 ಎಂದು ಕೊಡಿ. ನಂತರ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ. ಮೊದಲ ಸಲ ಗಡಿಯಾರ ಐದೂವರೆ ಗಂಟೆ ಮುಂದೆ ಕಂಡರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನ ದಿನಾಂಕ ಮತ್ತು ಸಮಯ ಪುಟದಲ್ಲಿ 'ಸಿಂಕ್ ನೌ' ಒತ್ತಿ.

ಇನ್ನು ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಪರದೆಯಲ್ಲಿ ಕಾಣುವ ಸಮಯ ನಿಮ್ಮ ಕೈಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅದು ಸರಿಯೇ; ದಯವಿಟ್ಟು 'ತಿದ್ದಲು' ಹೋಗಬೇಡಿ, ಮತ್ತೆ ಮೊದಲಿನ ಗೋಳೇ ಶುರುವಾಗುತ್ತದೆ.

ಆಫೀಸಿನ ಲ್ಯಾಪ್‌ಟಾಪ್, ವಿಂಡೋಸ್‌ನಲ್ಲಿ ಅಡ್ಮಿನ್ ಹಕ್ಕು ಇಲ್ಲ ಎನ್ನುವವರು ಲಿನಕ್ಸ್ ಕಡೆಯಿಂದ ಸರಿಮಾಡಬಹುದು. ಟರ್ಮಿನಲ್‌ನಲ್ಲಿ ಸುಡೊ (ಲಿನಕ್ಸ್‌ನಲ್ಲಿ ಅಡ್ಮಿನ್ ಹಕ್ಕಿನಿಂದ ಕಮಾಂಡ್ ನಡೆಸುವ ಪದ) ಜೊತೆ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಡಿ. ನಡುವಿನ ಗೆರೆಗಳು ಬೇಕು, 1ಕ್ಕೆ ಮುಂಚೆ ಒಂದು ಸ್ಪೇಸ್. ಹಿಂತೆಗೆಯಲು 1ರ ಬದಲು 0. ಟೈಮ್‌ಡೇಟ್‌ಸಿಟಿಎಲ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ಅಮೆರಿಕ, ಬ್ರಿಟನ್‌ನಲ್ಲಿರುವ ಕನ್ನಡಿಗರು ಆ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಬದಲಾಗುವ ದಿನ ಎರಡೂ ವ್ಯವಸ್ಥೆಗಳು ಅದೇ ಗಡಿಯಾರವನ್ನು ತಲಾ ಒಂದು ಗಂಟೆ ಸರಿಸಿಬಿಡಬಹುದು. ಭಾರತದಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ಇಲ್ಲಿ ಆ ತೊಂದರೆಯಿಲ್ಲ.

ಎರಡರಲ್ಲಿ ಒಂದನ್ನು ಮಾತ್ರ ಮಾಡಿ. ಎರಡೂ ಮಾಡಿದರೆ ವಿಂಡೋಸ್ ಯುಟಿಸಿ, ಲಿನಕ್ಸ್ ಸ್ಥಳೀಯ ಎಂದು ಪಾತ್ರ ಅದಲುಬದಲಾಗಿ, ಅದೇ ಐದೂವರೆ ಗಂಟೆ ಮರಳಿ ಬರುತ್ತದೆ.