ಅಮೆರಿಕದಲ್ಲಿ ಭಾರತೀಯ ಪಾಸ್‌ಪೋರ್ಟ್ ನವೀಕರಣ: ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಿಗೆ ವೀಸಾ ಮುಗಿಯುವ ದಿನಾಂಕ ಬಾಯಿಪಾಠವಾಗಿರುತ್ತದೆ, ಆದರೆ ಪಾಸ್‌ಪೋರ್ಟ್ ಎಂದು ಮುಗಿಯುತ್ತದೆ ಎಂದು ಕೇಳಿದರೆ ಬೀರು ತೆರೆದು ನೋಡಿ ಹೇಳಬೇಕಾಗುತ್ತದೆ. ನಾನೂ ಹಾಗೆಯೇ ಇದ್ದೆ. ಕೆಲವು ವರ್ಷಗಳ ಹಿಂದೆ, ತಂದೆಯವರ ಶಸ್ತ್ರಚಿಕಿತ್ಸೆಗೆಂದು ಊರಿಗೆ ಹೋಗಿ ಟೆಕ್ಸಾಸಿಗೆ ಮರಳುವಾಗ, ನನ್ನ ಪಾಸ್‌ಪೋರ್ಟಿನಲ್ಲಿ ಏಳು ತಿಂಗಳು ಮಾತ್ರ ಉಳಿದಿದ್ದವು. ನನ್ನ ಉದ್ಯೋಗದ ವೀಸಾವಾದ ಎಚ್-1ಬಿಯ ಅನುಮೋದನೆಯ ಪತ್ರದಲ್ಲಿ ಇನ್ನೂ ಎರಡು ವರ್ಷಗಳ ಅವಧಿ ಇದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ವಿಮಾನನಿಲ್ದಾಣದ ಅಧಿಕಾರಿ ಮಾತ್ರ ನನ್ನ ವಾಸದ ಕೊನೆಯ ದಿನವಾಗಿ ಪಾಸ್‌ಪೋರ್ಟ್ ಮುಗಿಯುವ ದಿನಾಂಕವನ್ನೇ ನಮೂದಿಸಿದ್ದರು. ಅದು ನನ್ನ ಗಮನಕ್ಕೆ ಬಂದದ್ದು ನಾಲ್ಕು ತಿಂಗಳ ನಂತರ, ಚಾಲನಾ ಪರವಾನಗಿಯ ನವೀಕರಣಕ್ಕೆ ಹೋದಾಗ.

ಅಧಿಕಾರಿ ಹೀಗೆ ದಿನಾಂಕ ನಮೂದಿಸುವ ಐ-94 ಎಂಬ ದಾಖಲೆಯ ಬಗ್ಗೆ ಹೊಸಬರು ಸರಿಯಾಗಿ ತಿಳಿದುಕೊಳ್ಳಬೇಕು. ವೀಸಾ ಎಂಬುದು ದೇಶದ ಬಾಗಿಲಿಗೆ ಬಂದು ನಿಲ್ಲಲು ಇರುವ ಅನುಮತಿ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ನಿರ್ಧರಿಸುವುದು ಐ-94. ಅನುಮೋದನೆಯ ಪತ್ರದ ಕೆಳಭಾಗದಲ್ಲಿಯೂ ಒಂದು ಐ-94 ಇರುತ್ತದೆಯಾದರೂ, ಅದರ ನಂತರ ನೀವು ದೇಶದ ಹೊರಗೆ ಹೋಗಿ ಬಂದಿದ್ದರೆ, ಗಡಿಯಲ್ಲಿ ಕೊನೆಗೆ ದೊರೆತ ಐ-94ರ ದಿನಾಂಕವೇ ಲೆಕ್ಕಕ್ಕೆ ಬರುತ್ತದೆ. ಪಾಸ್‌ಪೋರ್ಟ್ ನವೀಕರಿಸಿದ ಮಾತ್ರಕ್ಕೆ ಆ ದಿನಾಂಕ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಹೊಸ ಪಾಸ್‌ಪೋರ್ಟಿನೊಂದಿಗೆ ಹೊರಗೆ ಹೋಗಿ ಮರಳಿ ಬರಬೇಕು, ಇಲ್ಲವೇ ಆ ದಿನಾಂಕ ಮೀರುವ ಮೊದಲೇ ಉದ್ಯೋಗದಾತರ ವಕೀಲರ ಮೂಲಕ ಅವಧಿ ವಿಸ್ತರಣೆಗೆ ಅರ್ಜಿ ಸಲ್ಲಿಸಬೇಕು. ನನಗೆ ಎರಡನೆಯ ದಾರಿಯಿಂದ ಪರಿಹಾರ ದೊರೆಯಿತು, ಆದರೆ ಆ ತಿಂಗಳುಗಳ ಆತಂಕವನ್ನು ಮರೆಯಲಾರೆ. ಆದ್ದರಿಂದ ಪ್ರತಿ ಬಾರಿ ಬಂದಿಳಿದ ದಿನವೇ, ಪ್ರಯಾಣದ ದಣಿವಿದ್ದರೂ ಸರಿಯೇ, ಅಮೆರಿಕದ ಗಡಿ ಇಲಾಖೆಯ ಜಾಲತಾಣದಲ್ಲಿ ಮನೆಯ ಪ್ರತಿಯೊಬ್ಬರ ಐ-94 ತೆರೆದು ನೋಡಿ.

ಪ್ರತಿಯೊಬ್ಬರ ಎಂದು ಹೇಳಲು ಕಾರಣವಿದೆ. ವಯಸ್ಕರ ಪಾಸ್‌ಪೋರ್ಟಿಗೆ 10 ವರ್ಷಗಳ ಅವಧಿ ಇದ್ದರೆ, ಚಿಕ್ಕ ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ. ತಂದೆ ತಾಯಿ ತಮ್ಮ ದಿನಾಂಕಗಳನ್ನು ನೋಡಿಕೊಂಡು ನೆಮ್ಮದಿಯಿಂದ ಇರುವಾಗ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬಂದ ಮಗುವಿನ ಐ-94 ಮಾತ್ರ ಮೊದಲೇ ಮುಗಿದುಹೋಗಿರುವ ಸಂದರ್ಭಗಳನ್ನು ನಮ್ಮ ಪರಿಚಯದ ಕುಟುಂಬಗಳಲ್ಲಿ ಕಂಡಿದ್ದೇನೆ. ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ಭಾರತದಲ್ಲಿದ್ದರೆ ಸಹಿಗಾಗಿಯೇ ವಾರಗಳು ಕಳೆಯಬಹುದು.

ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಸರ್ಕಾರದ ಭಾಷೆಯಲ್ಲಿ ಇದು ಮರುವಿತರಣೆ, ಅಂದರೆ ಹಳೆಯ ಪುಸ್ತಕದ ಅವಧಿಯನ್ನು ವಿಸ್ತರಿಸುವುದಿಲ್ಲ, ಹೊಸ ಸಂಖ್ಯೆಯ ಹೊಸ ಪುಸ್ತಕವನ್ನೇ ಕೊಡುತ್ತಾರೆ. ಮೊದಲು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ, ವಿದೇಶದ ರಾಯಭಾರ ಕಚೇರಿಗಳಿಗೆ ಮೀಸಲಾದ ವಿಭಾಗದಲ್ಲಿ, ಅರ್ಜಿ ತುಂಬಬೇಕು. ಅನಂತರ ಅದರ ಮುದ್ರಿತ ಪ್ರತಿಯನ್ನು ಇತರ ದಾಖಲೆಗಳ ಜೊತೆ ವಿಎಫ್‌ಎಸ್ ಗ್ಲೋಬಲ್ ಕೇಂದ್ರಕ್ಕೆ ಸಲ್ಲಿಸಬೇಕು. 2020ರ ನವೆಂಬರಿನಿಂದ ಅಮೆರಿಕದಲ್ಲಿ ಈ ಅರ್ಜಿಗಳನ್ನು ಸ್ವೀಕರಿಸುತ್ತಿರುವುದು ಅದೇ ಸಂಸ್ಥೆ. ಯಾವ ಕಾನ್ಸುಲೇಟಿಗೆ ನಿಮ್ಮ ಅರ್ಜಿ ಸೇರುತ್ತದೆ ಎಂಬುದು ನೀವು ವಾಸಿಸುವ ರಾಜ್ಯವನ್ನು ಅವಲಂಬಿಸಿದೆ: ಟೆಕ್ಸಾಸಿನವರಿಗೆ ಹ್ಯೂಸ್ಟನ್, ನ್ಯೂಜೆರ್ಸಿಯವರಿಗೆ ನ್ಯೂಯಾರ್ಕ್. 2023ರಲ್ಲಿ ಸಿಯಾಟಲ್‌ನಲ್ಲಿ ಹೊಸ ಕಾನ್ಸುಲೇಟ್ ಆರಂಭವಾದಾಗ ಈ ಹಂಚಿಕೆ ಬದಲಾಯಿತು. ಆದುದರಿಂದ ಸ್ನೇಹಿತರು ತಾವು ಹಿಂದೆ ಮಾಡಿದ್ದನ್ನು ನೆನಪಿನಿಂದ ಹೇಳಿದರೆ ಅದನ್ನೇ ನೆಚ್ಚಿಕೊಳ್ಳದೆ, ಅರ್ಜಿ ಹಾಕುವ ದಿನ ನಿಮ್ಮ ಕಾನ್ಸುಲೇಟಿನ ದಾಖಲೆಗಳ ಪಟ್ಟಿಯನ್ನು ಓದಿಕೊಳ್ಳಿ. ಇಲ್ಲಿನ ವಾಸದ ಪುರಾವೆ, ವೀಸಾ ಅಥವಾ ಕಾನೂನುಬದ್ಧ ವಾಸದ ದಾಖಲೆ, ಬಿಳಿಯ ಹಿನ್ನೆಲೆಯ ಭಾವಚಿತ್ರಗಳು ಎಲ್ಲರಿಗೂ ಬೇಕಾಗುವಂಥವು.

ಹೆಸರಿನ ವಿಷಯದಲ್ಲಿ ನಮ್ಮವರು ಪಡುವಷ್ಟು ಕಷ್ಟವನ್ನು ಉತ್ತರ ಭಾರತದ ಸ್ನೇಹಿತರು ಪಡುವುದಿಲ್ಲ. ಧಾರವಾಡ, ವಿಜಯಪುರದ ಕಡೆಯವರಿಗೆ ಪಾಟೀಲ, ಹಿರೇಮಠ ಎಂಬಂತೆ ಮನೆತನದ ಹೆಸರು ಇರುತ್ತದೆ. ಹಳೆ ಮೈಸೂರಿನ ಕಡೆಯ ಅನೇಕರಿಗೆ ಇರುವುದು ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು, ಆಮೇಲೆ ತಮ್ಮ ಹೆಸರು ಮಾತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದರೆ, ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರು ಅಕ್ಷರಗಳು ಬರುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ತಾಯಿ ತಂದೆ ಪ್ರೀತಿಯಿಂದ ಇಟ್ಟ ಹೆಸರಿನ ಜಾಗದಲ್ಲಿ ಆ ಅಕ್ಷರಗಳನ್ನು ಓದುವುದು ನೋವಿನ ಸಂಗತಿ. ನವೀಕರಣದ ಹೊತ್ತಿಗೆ ಇದನ್ನು ಸರಿಪಡಿಸಿಕೊಳ್ಳಬಹುದು. ಆದರೆ ಇರುವ ಹೆಸರನ್ನೇ ಎರಡು ಕಾಲಂಗಳಿಗೆ ಹಂಚುವುದು ಬೇರೆ, ಹೊಸ ಹೆಸರನ್ನು ಸೇರಿಸುವುದು ಬೇರೆ. ಎರಡನೆಯದಕ್ಕೆ ಹೆಚ್ಚಿನ ದಾಖಲೆಗಳು ಬೇಕಾಗುತ್ತವೆ. ಪಾಸ್‌ಪೋರ್ಟಿನಲ್ಲಿ ಬದಲಾದ ಹೆಸರನ್ನು ಸೋಷಿಯಲ್ ಸೆಕ್ಯುರಿಟಿ, ಬ್ಯಾಂಕು, ಚಾಲನಾ ಪರವಾನಗಿ ಎಲ್ಲದರಲ್ಲಿಯೂ ಬದಲಾಯಿಸಬೇಕಾಗುವುದರಿಂದ, ಗ್ರೀನ್ ಕಾರ್ಡ್ ಅರ್ಜಿ ಸಲ್ಲಿಸುವುದಕ್ಕೆ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪಾಸ್‌ಪೋರ್ಟ್ ಕಳೆದುಹೋದರೆ ಸ್ಥಳೀಯ ಪೊಲೀಸರಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಕಾನ್ಸುಲೇಟಿಗೆ ತಿಳಿಸಬೇಕು. ಕಳೆದಿದೆ ಎಂದು ಒಮ್ಮೆ ತಿಳಿಸಿದ ಪಾಸ್‌ಪೋರ್ಟ್ ಮರುದಿನವೇ ಸೋಫಾದ ಸಂದಿಯಲ್ಲಿ ಸಿಕ್ಕರೂ ಅದನ್ನು ಬಳಸುವಂತಿಲ್ಲ. ಹಾಗಾಗಿ ಮೊದಲು ಮನೆಯನ್ನೆಲ್ಲ ಹುಡುಕಿ. ಊರಿನಲ್ಲಿ ಹಿರಿಯರ ಸ್ಥಿತಿ ಗಂಭೀರವಾಗಿ ತಕ್ಷಣ ಹೊರಡಬೇಕಾದವರಿಗೆ ತುರ್ತು ಪ್ರಮಾಣಪತ್ರ ದೊರೆಯಬಹುದು, ಆದರೆ ಅದು ಭಾರತಕ್ಕೆ ಹೋಗಲು ಮಾತ್ರ ಸಲ್ಲುತ್ತದೆ. ಮರಳಿ ಬರಲು ಅಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಬೇಕು. ಕಳೆದ ಪುಸ್ತಕದಲ್ಲಿ ವೀಸಾ ಇದ್ದಿದ್ದರೆ ಅದನ್ನೂ ಹೊಸದಾಗಿ ಪಡೆಯಬೇಕು. ಮೊದಲ ಮತ್ತು ಕೊನೆಯ ಪುಟ, ವೀಸಾ, ಐ-94, ಇವುಗಳ ಪ್ರತಿಯನ್ನು ನಿಮ್ಮ ಇಮೇಲಿನಲ್ಲಿ ಇಟ್ಟುಕೊಂಡು, ಊರಿನಲ್ಲಿ ನಂಬಿಕೆಯ ಒಬ್ಬರಿಗೂ ಕಳುಹಿಸಿರಿ.

ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದ ದಿನ ಹೆಸರು, ಜನ್ಮದಿನಾಂಕ, ತಂದೆ ತಾಯಿಯ ಹೆಸರುಗಳ ಕಾಗುಣಿತವನ್ನು ಒಂದೊಂದಾಗಿ ನೋಡಿ. ಮೂಲೆ ಕತ್ತರಿಸಿ ರದ್ದುಪಡಿಸಿದ ಹಳೆಯ ಪುಸ್ತಕವೂ ಅದರ ಜೊತೆಗೆ ಬರುತ್ತದೆ. ಅದರಲ್ಲಿರುವ ಅಮೆರಿಕದ ವೀಸಾಕ್ಕೆ ಅವಧಿ ಉಳಿದಿದ್ದರೆ ಅದು ಸಿಂಧುವೇ ಆಗಿರುತ್ತದೆ. ವೀಸಾವನ್ನು ಕಿತ್ತು ಹೊಸದಕ್ಕೆ ಅಂಟಿಸಲು ಎಂದಿಗೂ ಹೋಗಬೇಡಿ. ಮುಂದಿನ ಪ್ರಯಾಣದಲ್ಲಿ ಎರಡೂ ಪುಸ್ತಕಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಚೆಕ್‌-ಇನ್ ಮಾಡುವ ಸೂಟ್‌ಕೇಸಿನಲ್ಲಿ ಅಲ್ಲ.