ಪಂಪ್ ನಿಂತಿದೆಯೋ, ಪ್ರೋಟಾನ್ ಮರಳುವ ದಾರಿ ಮುಚ್ಚಿದೆಯೋ?

ಪ್ರತಿಬಂಧಕ ಹಾಕಿದೊಡನೆ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗದ) ಆಮ್ಲಜನಕ ಬಳಕೆ ಇಳಿದರೆ, ಪೆಟ್ಟು ಬಿದ್ದದ್ದು ಪ್ರೋಟಾನ್ ಪಂಪಿಗೇ ಎನ್ನಲಾಗದು. ರೊಟಿನೋನ್ ಕಾಂಪ್ಲೆಕ್ಸ್ 1 ಎಂಬ ಪಂಪನ್ನೇ ನಿಲ್ಲಿಸುತ್ತದೆ. ಆಲಿಗೋಮೈಸಿನ್ ಮುಚ್ಚುವುದು ಪ್ರೋಟಾನ್‌ಗಳು ಮರಳುವ ದಾರಿಯನ್ನು, ಅಂದರೆ ಎಟಿಪಿ ಎಂಬ ಶಕ್ತಿವಾಹಕ ಅಣುವನ್ನು ಕಟ್ಟುವ ಕಿಣ್ವವಾದ ಎಟಿಪಿ ಸಿಂಥೇಸನ್ನು. ಆಗ ಒಳಪೊರೆಯ ಆಚೆ ಒತ್ತಡ ಏರಿ, ಪಂಪ್ ಸರಿಯಿದ್ದರೂ ತಳ್ಳಲಾರದೆ ನಿಧಾನವಾಗುತ್ತದೆ. ಗ್ರಾಫ್ ಎರಡರಲ್ಲೂ ಇಳಿಯುತ್ತದೆ.

ಆಮ್ಲಜನಕ ಎಲೆಕ್ಟ್ರೋಡಿನ ಕೋಶದಲ್ಲಿ ಮಿಲಿಲೀಟರಿಗೆ 0.5ರಿಂದ 1 ಮಿಲಿಗ್ರಾಂ ಮೈಟೊಕಾಂಡ್ರಿಯ ಪ್ರೋಟೀನ್ ಇರಲಿ. ಇಂಧನವಾಗಿ ಗ್ಲುಟಮೇಟ್ ಮತ್ತು ಮ್ಯಾಲೇಟ್ ತಲಾ 5 ಮಿಲಿಮೋಲಾರ್, ಆಮೇಲೆ ಎಟಿಪಿಯ ಕಚ್ಚಾವಸ್ತುವಾದ ಎಡಿಪಿ 300 ಮೈಕ್ರೋಮೋಲಾರ್ ಹಾಕಿ. ಬಳಕೆ ಜೋರಾಗಿರುವಾಗಲೇ ಪರೀಕ್ಷೆಯ ರಾಸಾಯನಿಕ ಸೇರಿಸಿ. ಗೆರೆ ನೆಲೆಗೊಂಡ ಮೇಲೆ ಎಫ್‌ಸಿಸಿಪಿಯನ್ನು 0.05 ಮೈಕ್ರೋಮೋಲಾರ್‌ನಂತೆ ಹಂತಹಂತವಾಗಿ ಕೊಡಿ. ಅದು ಪ್ರೋಟಾನ್‌ಗಳನ್ನು ಪೊರೆಯ ಮೂಲಕ ನೇರವಾಗಿ ಒಳಸಾಗಿಸುತ್ತದೆ. ಉಸಿರಾಟ ಚೇತರಿಸಿದರೆ ಅಡ್ಡಿ ಸಿಂಥೇಸಿನಲ್ಲಿ ಅಥವಾ ಎಡಿಪಿ ಒಳಬರುವ ದಾರಿಯಲ್ಲಿ. ಅತಿಯಾದ ಎಫ್‌ಸಿಸಿಪಿ ತಾನೇ ಉಸಿರಾಟವನ್ನು ಕುಗ್ಗಿಸುತ್ತದೆ, ಹಾಗಾಗಿ ಒಮ್ಮೆಗೇ ಸುರಿಯಬೇಡಿ. ಬಫರಿನಲ್ಲಿ ಆಲ್ಬುಮಿನ್ ಇದ್ದರೆ ಅದು ಎಫ್‌ಸಿಸಿಪಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚು ಬೇಕಾಗುತ್ತದೆ.

ಚೇತರಿಸದಿದ್ದರೆ ಅಡ್ಡಿ ಎಲೆಕ್ಟ್ರಾನ್ ಸರಪಳಿಯಲ್ಲೋ (ಎಲೆಕ್ಟ್ರಾನ್ ಸಾಗಿಸುವ ಕಾಂಪ್ಲೆಕ್ಸ್ 1ರಿಂದ 4ರವರೆಗಿನ ಪ್ರೋಟೀನ್ ಗುಂಪುಗಳಲ್ಲೋ) ಅದಕ್ಕೂ ಹಿಂದೆಯೋ ಇದೆ. ಆಗ ರೊಟಿನೋನ್ 0.5 ಮೈಕ್ರೋಮೋಲಾರ್, ಹಿಂದೆಯೇ ಸಕ್ಸಿನೇಟ್ 10 ಮಿಲಿಮೋಲಾರ್ ಹಾಕಿ. ಸಕ್ಸಿನೇಟಿನ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 1ನ್ನು ಬಿಟ್ಟು 2ರ ಮೂಲಕ ಬರುತ್ತದೆ. ಗೆರೆ ಎದ್ದರೆ ಕಾಂಪ್ಲೆಕ್ಸ್ 3 ಮತ್ತು 4 ಸರಿಯಿವೆ. ಕಾಂಪ್ಲೆಕ್ಸ್ 2 ತಾನೇ ಒಂದೂ ಪ್ರೋಟಾನ್ ತಳ್ಳುವುದಿಲ್ಲ. ಆದ್ದರಿಂದ ಗ್ಲುಟಮೇಟ್, ಮ್ಯಾಲೇಟ್ ಕಾಂಪ್ಲೆಕ್ಸ್ 1ಕ್ಕೆ ಒದಗಿಸುವ ಎಲೆಕ್ಟ್ರಾನ್ ವಾಹಕವಾದ ಎನ್‌ಎಡಿಎಚ್‌ನಿಂದ ಬಂದ ಎರಡು ಎಲೆಕ್ಟ್ರಾನ್‌ಗಳಿಗೆ 10 ಪ್ರೋಟಾನ್ ಹೊರಬಿದ್ದರೆ, ಸಕ್ಸಿನೇಟಿನಿಂದ 6 ಮಾತ್ರ. ಇಲ್ಲೂ ಏಳದಿದ್ದರೆ ಆಸ್ಕಾರ್ಬೇಟ್ 2, ಎಲೆಕ್ಟ್ರಾನ್ ದಾಟಿಸುವ ಟಿಎಂಪಿಡಿ 0.5 ಮಿಲಿಮೋಲಾರ್ ಹಾಕಿ. ಎಲೆಕ್ಟ್ರಾನ್‌ಗಳು ಸೈಟೊಕ್ರೋಮ್ ಸಿ ಮೂಲಕ ಕಾಂಪ್ಲೆಕ್ಸ್ 4ಕ್ಕೆ ಹೋಗುತ್ತವೆ, ಆಂಟಿಮೈಸಿನ್‌ನಂಥ ಕಾಂಪ್ಲೆಕ್ಸ್ 3ರ ತಡೆ ಇಲ್ಲಿ ಬಯಲಾಗುತ್ತದೆ. ಟಿಎಂಪಿಡಿ ತಾನಾಗಿಯೂ ಉತ್ಕರ್ಷಣಗೊಂಡು ಆಮ್ಲಜನಕ ಬಳಸುತ್ತದೆ. ಕೊನೆಗೆ 1 ಮಿಲಿಮೋಲಾರ್ ಸಯನೈಡ್ ಹಾಕಿ, ಆಮೇಲೂ ಉಳಿಯುವ ವೇಗವನ್ನು ಕಳೆಯಿರಿ. ಸಯನೈಡ್ ದ್ರಾವಣ ಆಮ್ಲ ತಾಗಿದರೆ ಮಾರಕ ಅನಿಲ ಹೊರಬಿಡುತ್ತದೆ. ಫ್ಯೂಮ್ ಹುಡ್ ಬಿಟ್ಟು ಹೊರಗೆ ಅದನ್ನು ಮುಟ್ಟಲೇಬೇಡಿ.

ಎಫ್‌ಸಿಸಿಪಿ ಇಲ್ಲದ ಬೇರೆ ಮಾದರಿಯಲ್ಲಿ ಪೊರೆ ವಿಭವವನ್ನೂ (ಪೊರೆಯ ಎರಡು ಬದಿಗಳ ವಿದ್ಯುತ್ ವ್ಯತ್ಯಾಸವನ್ನೂ) ಅಳೆಯುವುದಾದರೆ ಒಂದು ಮೋಸವಿದೆ: ರೊಟಿನೋನ್ ಹಾಕಿದರೂ ವಿಭವ ಬೀಳದೇ ಇರಬಹುದು. ಎಟಿಪಿ ಲಭ್ಯವಿದ್ದರೆ ಸಿಂಥೇಸ್ ತಿರುವುಮುರುವಾಗಿ ಓಡಿ, ಎಟಿಪಿ ಒಡೆದು ಪ್ರೋಟಾನ್‌ಗಳನ್ನು ಹೊರತಳ್ಳುತ್ತದೆ. ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಲಿಗೋಮೈಸಿನ್ ಸೇರಿಸಿ ಅದನ್ನು ತಡೆಯಿರಿ.

ಫಲಿತಾಂಶ ಹೆಚ್ಚು ಕೆಡುವುದು ತೊಳೆಯುವಲ್ಲಿ. ರೊಟಿನೋನ್, ಆಂಟಿಮೈಸಿನ್, ಆಲಿಗೋಮೈಸಿನ್ ನೀರಿಗಿಂತ ಪ್ಲಾಸ್ಟಿಕ್ಕಿಗೆ, ಕಲಕುವ ಕಡ್ಡಿಗೆ ಅಂಟಿಕೊಳ್ಳುವುದೇ ಜಾಸ್ತಿ. ಪ್ರತಿ ಸಲವೂ ಎಥನಾಲಿನಲ್ಲಿ ಮೂರು ಬಾರಿ, ನೀರಿನಲ್ಲಿ ಹಲವು ಬಾರಿ ತೊಳೆದು, ಪ್ರತಿಬಂಧಕವಿಲ್ಲದೆ, ಬರೀ ದ್ರಾವಕ ಹಾಕಿ ಒಮ್ಮೆ ಓಡಿಸಿ. ಎಡಿಪಿಗೆ ಮೊದಲಿನಷ್ಟೇ ಜಿಗಿತ ಬರದಿದ್ದರೆ ಮತ್ತೆ ತೊಳೆಯಿರಿ.